ಪಾಸ್ಕಲ್ ಪ್ವಾರಿಯೇ ಜೀವನಚರಿತ್ರೆಯನ್ನು ನಾನು ಕನ್ನಡದಲ್ಲಿ ಬರೆದ ಬಗೆ

ಮೊದಲ ಮುದ್ರಣದ ಐನೂರು ಪ್ರತಿಗಳು ಮುಗಿದು ಎರಡನೆಯ ಮುದ್ರಣದ ಫಾರಂಗಳು (ಹಲವು ಪುಟ ಒಟ್ಟಿಗೆ ಅಚ್ಚಾಗುವ ಹಾಳೆಗಳು) ಅಚ್ಚಿಗೆ ಹೋಗಿರುವುದರಿಂದ, ಈ ಪುಸ್ತಕವನ್ನು ಹೇಗೆ ಬರೆದೆನೆಂದು ಹೇಳಿಕೊಳ್ಳುವ ಧೈರ್ಯ ಈಗ ಬಂದಿದೆ. ಕೆನಡಾ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ 48 ವರ್ಷ ಕುಳಿತಿದ್ದ, ಅಲ್ಲಿನ ಪೂರ್ವ ಕರಾವಳಿಯ ಫ್ರೆಂಚ್ ಮಾತಾಡುವ ಅಕೇಡಿಯನ್ ಜನರಲ್ಲಿ ಹುಟ್ಟಿದ ಲೇಖಕನೊಬ್ಬನ ಬದುಕನ್ನು ಕನ್ನಡದಲ್ಲಿ ಓದುವವರು ಯಾರು ಎಂದು ಕೇಳಿದವರಲ್ಲಿ ನನ್ನ ಹತ್ತಿರದ ಅನುವಾದಕ ಮಿತ್ರರೂ ಇದ್ದರು. ಅದರಲ್ಲಿಯೂ ಸೆನೆಟರರ ಊರಿನ ಮಾತನ್ನು ಕುಂದಾಪುರ ಕನ್ನಡಕ್ಕೆ ತರುತ್ತೇನೆ ಎಂದಾಗ ಒಬ್ಬರು, ‘ಅದು ಯಕ್ಷಗಾನದ ಹಾಸ್ಯಗಾರನ ಪಾತ್ರವಾದೀತು, ಜೋಕೆ’ ಎಂದು ನಕ್ಕಿದ್ದರು. ಅವರೇ ಈಚೆಗೆ ಎರಡು ಪ್ರತಿ ತರಿಸಿಕೊಂಡರು, ರಿಯಾಯಿತಿಯನ್ನೂ ಕೇಳಲಿಲ್ಲ.

ಪ್ವಾರಿಯೇ 1852ರಲ್ಲಿ ಇಂದಿನ ಕೆನಡಾದ ಪೂರ್ವದ ನ್ಯೂ ಬ್ರನ್ಸ್‌ವಿಕ್‌ನ ಶೆಡಿಯಾಕ್ ಎಂಬ ಕಡಲೂರಿನಲ್ಲಿ ಹುಟ್ಟಿ, ಮೆಮ್ರಮ್‌ಕುಕ್‌ನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿ, 1872ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ರಾಜಧಾನಿ ಒಟ್ಟಾವಾದಲ್ಲಿ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಅಂಚೆ ಅಧಿಕಾರಿಯಾದರು. 1874ರಲ್ಲಿ ಅಕೇಡಿಯನ್ನರ ಮೂಲವನ್ನು ಕುರಿತ ಪುಸ್ತಕ ಬರೆದರು. 1885ರಲ್ಲಿ ಸೆನೆಟ್ಟಿಗೆ ನೇಮಕಗೊಂಡ ಮೊದಲ ಅಕೇಡಿಯನ್ ಎನಿಸಿ, 1933ರಲ್ಲಿ ತೀರಿಕೊಳ್ಳುವವರೆಗೂ ಆ ಪೀಠದಲ್ಲಿದ್ದರು. ನನ್ನ ಮೊದಲ ಕರಡು ಇದೇ ಅನುಕ್ರಮದಲ್ಲಿ, ಹುಟ್ಟಿನಿಂದ ಸಾವಿನವರೆಗೆ, ಸುಮಾರು 310 ಪುಟ ಸಾಗಿತ್ತು. ಅದಕ್ಕೆ ಎರಡೂವರೆ ವರ್ಷ ಹಿಡಿದಿತ್ತು. ನಮ್ಮೂರಿನ ಓದುಗ ಬಳಗದಲ್ಲಿ ಅದರ ಎರಡು ಅಧ್ಯಾಯಗಳನ್ನು ಓದಿದಾಗ ಮೂರನೆಯ ಪುಟಕ್ಕೇ ಯಾರೋ ಎದ್ದು ಚಹಾ ಹೇಳಲು ಹೋದರು, ಉಳಿದವರು ಅವರನ್ನು ಹುಡುಕಲು ಹೋದರು. ನಾಮನಿರ್ದೇಶನಗೊಂಡ ಸದಸ್ಯನ ಬದುಕೆಂದರೆ ಸಮಿತಿ, ಭಾಷಣ, ಪತ್ರ. ಚುನಾವಣೆಯಿಲ್ಲ, ಸೋಲಿಲ್ಲ. ಆ ಕರಡನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ.

ದಾರಿ ಕಾಣಿಸಿದ್ದು ಅವರ ‘ಗ್ಲೊಸೇರ್ ಅಕಾದಿಯೆಂ’ ಎಂಬ ಪದಕೋಶದಿಂದ. ಅದು ಇಡಿಯಾಗಿ ಪುಸ್ತಕವಾಗಿ ಹೊರಬಂದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. 1755ರಿಂದ ಬ್ರಿಟಿಷರು ಗಡೀಪಾರು ಮಾಡಿದ ಜನರಲ್ಲಿ ಅಡಗಿ ಉಳಿದವರ, ಮರಳಿ ಬಂದವರ ಮೊಮ್ಮಕ್ಕಳು ಆಡುತ್ತಿದ್ದ ಫ್ರೆಂಚನ್ನು ವಿದ್ಯಾವಂತರು ಕೆಟ್ಟ ಫ್ರೆಂಚೆಂದು ಹಳಿಯುತ್ತಿದ್ದಾಗ, ಅದು ಕೆಟ್ಟದ್ದಲ್ಲ, ಫ್ರಾನ್ಸ್ ಮರೆತುಬಿಟ್ಟ ಹಳೆಯ ಫ್ರೆಂಚು ಎಂದು ಪ್ವಾರಿಯೇ ಪದಪದ ಹಿಡಿದು ವಾದಿಸಿದರು. ಆ ವಾದವನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಮನೆಯ ಮಾತು. ಪೇಟೆಯವರು ನಗುವ ನಮ್ಮ ‘ಹೋಪುದು’, ‘ಬಪ್ಪುದು’ ಹಳಗನ್ನಡದ ‘ಪೋಪುದು’, ‘ಬರ್ಪುದು’ಗಳ ನೇರ ವಾರಸುದಾರರಲ್ಲವೇ? ಅಂದೇ ತೀರ್ಮಾನಿಸಿದೆ. ಸೆನೆಟರ್ ಗ್ರಾಂಥಿಕ ಕನ್ನಡದಲ್ಲಿ ಮಾತಾಡಬೇಕು, ಶೆಡಿಯಾಕ್‌ನ ಮೀನುಗಾರರು ಕುಂದಾಪುರ ಕನ್ನಡದಲ್ಲಿ ಮಾತಾಡಬೇಕು, ಅಧ್ಯಾಯಗಳು ಇಸವಿಯ ಬದಲು ಒಂದೊಂದು ಪದದ ಸುತ್ತ ಕಟ್ಟಿಕೊಳ್ಳಬೇಕು.

ಹೇಳುವಷ್ಟು ಸುಲಭವಾಗಿರಲಿಲ್ಲ. ಅಕೇಡಿಯನ್ನರು ‘ನಾನು’ ಎಂಬ ಸರ್ವನಾಮಕ್ಕೆ ಬಹುವಚನದ ಕ್ರಿಯಾಪದ ಸೇರಿಸುವುದುಂಟು. ಅದನ್ನು ಉಳಿಸುವ ಹಟದಲ್ಲಿ ನಾನು ‘ನಾನು ಹೋಗುತ್ತೇವೆ’ ಎಂದು ಪುಟಗಟ್ಟಲೆ ಬರೆದೆ. ಡಿಟಿಪಿ ಮಾಡುತ್ತಿದ್ದ ಹುಡುಗ ಅಷ್ಟನ್ನೂ ಮುತುವರ್ಜಿಯಿಂದ ‘ಹೋಗುತ್ತೇನೆ’ ಎಂದು ತಿದ್ದಿ ಕಳುಹಿಸಿದ. ಪುಟಕ್ಕೆ ನಲವತ್ತು ರೂಪಾಯಿಯಂತೆ ಮತ್ತೆ ದುಡ್ಡು ಕೊಟ್ಟು ಹಿಂದಿನ ಹಾಗೆ ಮಾಡಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ನೋಡಿದೆ, ಹುಡುಗನೇ ಸರಿ ಅನ್ನಿಸಿತು. ‘ಈ ಗಾಳಿಗ್ ನಾನ್ ಹೋಪುದಿಲ್ಲೆ’ ಎಂದರೆ ಸಾಕು, ಹಳಮೆಯೂ ಬರುತ್ತದೆ, ಉಪ್ಪು ಗಾಳಿಯೂ ಬರುತ್ತದೆ.

ಇನ್ನೊಂದು ತೊಡಕು ‘ಅಮಾರೇ’ ಎಂಬ ಕ್ರಿಯಾಪದ. ಹಡಗನ್ನು ದಡಕ್ಕೆ ಕಟ್ಟುವುದಕ್ಕೆ ಇರುವ ಈ ಮಾತನ್ನು ಅಕೇಡಿಯನ್ನರು ಬೂಟಿನ ದಾರ ಕಟ್ಟುವುದಕ್ಕೂ ಬಳಸುತ್ತಾರೆ. ಕಡಲಿನ ಪದಗಳು ಹೀಗೆ ನೆಲಕ್ಕೆ ಇಳಿದುಬಂದಿರುವುದೇ ಆ ಭಾಷೆಯ ಸೊಗಸು. ನಾನು ‘ಬೂಟಿಗೆ ಲಂಗರು ಹಾಕಿದ’ ಎಂದು ಬರೆದು ಮಲ್ಪೆಯ ಬಂದರಿನಲ್ಲಿ ಇಬ್ಬರು ಹಿರಿಯರಿಗೆ ಓದಿ ಹೇಳಿದೆ. ಒಬ್ಬರು ನಗೆ ತಡೆಯಲಾರದೆ ಬೀಡಿ ಕೆಳಗಿಟ್ಟರು. ‘ಎಸ್ಪೇರೇ’ ಎಂಬುದರ ಕಾಟ ಇದಕ್ಕಿಂತ ಹೆಚ್ಚು. ಪ್ಯಾರಿಸ್ಸಿನಲ್ಲಿ ಅದು ಆಸೆಪಡುವುದು, ಅಕೇಡಿಯಾದಲ್ಲಿ ಬರಿದೇ ಕಾಯುವುದು. ಈ ಎರಡೂ ಪದಗಳನ್ನು ಕೊನೆಗೆ ಹೇಗೆ ಬಗೆಹರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಏಳು ವರ್ಷದ ದುಡಿಮೆಯಲ್ಲಿ ಅಷ್ಟಾದರೂ ನನ್ನ ಜೇಬಿನಲ್ಲಿರಲಿ. ಪುಸ್ತಕ ಓದಿದವರಿಗೆ ಅದು ತಾನಾಗಿ ಹೊಳೆದೀತು.

ಮೆಮ್ರಮ್‌ಕುಕ್‌ನ ಅಧ್ಯಾಯಕ್ಕೆ ‘ಅಬ್ವಾತೋ’ ಎಂಬ ಪದವನ್ನು ಇಟ್ಟುಕೊಂಡಿದ್ದೆ. ಜವುಗು ನೆಲಕ್ಕೆ ಮಣ್ಣಿನ ಏರಿ ಕಟ್ಟಿ, ಅದರಡಿಯ ಮರದ ತೂಬಿಗೆ ತೂಗುಬಾಗಿಲು ಇಟ್ಟು, ಉಪ್ಪುನೀರನ್ನು ಹೊರಗಿಡುವ ಅಕೇಡಿಯನ್ ಏರ್ಪಾಡು ಅದು. ಇಳಿತದಲ್ಲಿ ಒಳಗಿನ ಸಿಹಿನೀರು ಬಾಗಿಲನ್ನು ತಳ್ಳಿ ಹೊರಟುಹೋಗುತ್ತದೆ, ಉಬ್ಬರದಲ್ಲಿ ಕಡಲೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ನಮ್ಮ ಕರಾವಳಿಯ ಗಜನಿ ಭೂಮಿಯ (ಉಬ್ಬರದ ಉಪ್ಪುನೀರು ನುಗ್ಗುವ ಗದ್ದೆಗಳ) ಕಟ್ಟುಗಳನ್ನು ಕಂಡವರಿಗೆ ವಿವರಣೆ ಬೇಡ. ಆದರೂ ಪುಸ್ತಕ ನೋಡಿ ಬರೆದದ್ದು ನಿರ್ಜೀವವಾಗಿತ್ತು. ಹಾಗಾಗಿ ಹಲಸಿನ ಹಲಗೆಯಲ್ಲಿ ಎರಡಡಿ ಉದ್ದದ ತೂಬೊಂದನ್ನು ಮಾಡಿಸಿ, ಬಾಗಿಲಿಗೆ ಕೀಲಿನ ಬದಲು ಸೈಕಲ್ ಟ್ಯೂಬಿನ ತುಂಡು ಬಡಿದು, ಮನೆಯ ಹಿಂದಿನ ಹಿನ್ನೀರ ಕಾಲುವೆಯಲ್ಲಿ ಹೂತೆ. ಉಬ್ಬರ ಏರುವಾಗ ಬಾಗಿಲು ಮೊದಲು ಒಂದೆರಡು ಬಾರಿ ಅನುಮಾನದಿಂದ ಅಲುಗಾಡಿ, ಆಮೇಲೆ ‘ಟಪ್’ ಎಂದು ಕೂತುಕೊಳ್ಳುತ್ತದೆ. ಆ ಸದ್ದು ಯಾವ ಗ್ರಂಥಾಲಯದಲ್ಲಿಯೂ ಸಿಗುವುದಿಲ್ಲ. ಮೂರನೆಯ ದಿನ ಏಡಿಯೊಂದು ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡು, ಉಪ್ಪುನೀರು ಪಕ್ಕದ ಮನೆಯವರ ಹರಿವೆಯ ಪಾತಿಗೆ ನುಗ್ಗಿತು. ಸಾವಿರದ ಐನೂರು ರೂಪಾಯಿ ದಂಡ ತೆತ್ತೆ, ಅಧ್ಯಾಯ ಮಾತ್ರ ಎರಡೇ ದಿನದಲ್ಲಿ ಮುಗಿಯಿತು.

ರಾಜಕಾರಣದ ಭಾಗಕ್ಕೆ ಹಣ ಹೆಚ್ಚು ಬೇಕಾಗಲಿಲ್ಲ, ಏಕೆಂದರೆ ಸೆನೆಟ್ಟಿನ ಹಳೆಯ ಚರ್ಚೆಗಳು ಪುಕ್ಕಟೆಯಾಗಿ ಓದಲು ಸಿಗುತ್ತವೆ. ಕಣ್ಣು ಮಾತ್ರ ಗಟ್ಟಿಯಿರಬೇಕು. ಉತ್ತರ ತೀರದಿಂದ ಧ್ರುವದವರೆಗಿನ ನೆಲವನ್ನೂ ದ್ವೀಪಗಳನ್ನೂ ಕೆನಡಾ ತನ್ನದೆಂದು ಘೋಷಿಸಬೇಕೆಂದು ಪ್ವಾರಿಯೇ 1907ರ ಫೆಬ್ರವರಿಯಲ್ಲಿ ಠರಾವು ಮಂಡಿಸಿದರು. ಅದು ಅಂಗೀಕಾರವಾಗದಿದ್ದರೂ, ಧ್ರುವಪ್ರದೇಶವನ್ನು ರೇಖಾಂಶಗಳ ನಡುವಿನ ತ್ರಿಕೋನಗಳಾಗಿ ಹಂಚಿಕೊಳ್ಳುವ ವಾದಕ್ಕೆ ಇಂದಿಗೂ ಅವರ ಹೆಸರೇ ಅಂಟಿಕೊಂಡಿದೆ. ಈ ಪ್ರಸಂಗವನ್ನು ಆಸೆಯಿಂದ ಇಪ್ಪತ್ತು ಪುಟ ಬರೆದು, ಪದಗಳ ದಾರಿಗೆ ಅದು ಒಗ್ಗದೆ, ನಾಲ್ಕಕ್ಕೆ ಇಳಿಸಿದೆ. ಇದಕ್ಕೆ ತಿರುವುಮುರುವಾಗಿ, ನಾನು ಮೊದಲು ಮುಚ್ಚಿಟ್ಟ ಒಂದು ಸಂಗತಿಯನ್ನು ಆಮೇಲೆ ಸೇರಿಸಬೇಕಾಯಿತು. 1874ರ ಆ ಪುಸ್ತಕದಲ್ಲಿ ಅಕೇಡಿಯನ್ನರಲ್ಲಿ ಮೂಲನಿವಾಸಿಗಳ ರಕ್ತ ಬೆರೆತಿಲ್ಲವೆಂದು ಸಾಧಿಸಲು ಅವರು ಪಡುವ ಪಾಡು ಓದುವವರಿಗೆ ಮುಜುಗರ ತರುತ್ತದೆ. ತನ್ನವರ ಮಾತನ್ನು ಹೀನವೆಂದವರ ಮೇಲೆ ಸಿಟ್ಟಾಗುವ ಮನುಷ್ಯ ಆ ನೆಲದ ಮೂಲನಿವಾಸಿಗಳಾದ ಮಿಕ್ಮಾಕ್ ಜನರೊಡನೆ ನಂಟು ಬೇಡವೆನ್ನುವುದನ್ನು ಬಿಟ್ಟು ಬರೆದರೆ ಅದು ಜೀವನಚರಿತ್ರೆಯಲ್ಲ, ಅಭಿನಂದನ ಗ್ರಂಥ.

ಮಗಳು ಆಗ ಶೆಡಿಯಾಕ್ ಬಳಿಯ ಮಾಂಕ್ಟನ್ನಿನಲ್ಲಿ ಓದುತ್ತಿದ್ದುದರಿಂದ ಒಮ್ಮೆ ಶೆಡಿಯಾಕ್ ನೋಡಿಬಂದೆ. ಟಿಕೆಟ್ಟಿಗೆ ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು ಆಯಿತು, ಅದನ್ನು ಪುಸ್ತಕದ ಲೆಕ್ಕಕ್ಕೆ ಸೇರಿಸಬೇಡಿರೆಂದು ಮನೆಯಲ್ಲಿ ತಾಕೀತಾಗಿದೆ. ಸೇರಿಸದೆ ಹೇಳುವುದಾದರೆ, ಡೆಮಿ ಅಷ್ಟದಳ ಅಳತೆಯ 232 ಪುಟ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಐನೂರು ಪ್ರತಿಯ ಅಚ್ಚು ಮತ್ತು ಬೈಂಡಿಂಗಿಗೆ ಅರವತ್ತೆಂಟು ಸಾವಿರ, ಡಿಟಿಪಿ ಹಾಗೂ ಮುಖಪುಟಕ್ಕೆ ಹದಿನೈದು ಸಾವಿರ. ಪ್ರಕಾಶಕರೊಬ್ಬರು ಅರ್ಧ ಹಣ ನೀವೇ ಹಾಕಿ ಎಂದು ಹೇಳಿ, ಎಂಟು ತಿಂಗಳು ಹಸ್ತಪ್ರತಿಯನ್ನು ಇಟ್ಟುಕೊಂಡು ಹಿಂದಿರುಗಿಸಿದ ಮೇಲೆ ಪೂರ್ತಿ ನಾನೇ ಹಾಕಿದೆ. ಅಂಗಡಿಗಳ ಕಮಿಷನ್ ಶೇಕಡಾ ನಲವತ್ತು. ಕೈಯಿಂದ ಕೈಗೆ ಮಾರಿದ ಮುನ್ನೂರರಷ್ಟು ಪ್ರತಿಗಳೇ ಬಂಡವಾಳ ಉಳಿಸಿದವು, ಮೇಲೆ ಮೂರೋ ನಾಲ್ಕೋ ಸಾವಿರ ಮಿಕ್ಕಿತು. ಕೊಂಡವರಲ್ಲಿ ಬಹುಪಾಲು ಕುಂದಾಪುರ, ಬೈಂದೂರು, ಕೋಟದ ಕಡೆಯವರು.

ಎರಡನೆಯ ಮುದ್ರಣದಲ್ಲಿ ತಿದ್ದಿದ್ದು ಒಂದೇ ಅಂಕಿ. ಸೆನೆಟ್ಟಿಗೆ ಹೋದಾಗ ಪ್ವಾರಿಯೇಗೆ 34 ವರ್ಷ ಎಂದು ನಾನು ಅಚ್ಚು ಹಾಕಿಸಿದ್ದೆ, 33 ಎಂದು ಗಂಗೊಳ್ಳಿಯ ಓದುಗರೊಬ್ಬರು ಕಾರ್ಡು ಬರೆದು ತಿಳಿಸಿದರು. ಆ ಫಾರಮ್ಮಿಗೆ ಹೊಸ ಪ್ಲೇಟು ಬೇಕೆಂದು ಮುದ್ರಕರು ಒಂಬೈನೂರು ರೂಪಾಯಿ ಹೆಚ್ಚಿಗೆ ಹಿಡಿದರು.