643 ಅಲ್ಲ, 634

ವಿಕಿಪೀಡಿಯದಲ್ಲಿ ನಾನು ಬರೆದ ಐಹೊಳೆ ಶಾಸನದ ಲೇಖನ ಹನ್ನೊಂದು ತಿಂಗಳಿನಿಂದ ಅಳಿಸಿಹೋಗದೆ ನಿಂತಿದೆ. ನಿಲ್ಲುವುದಿಲ್ಲ ಎಂದಿದ್ದ ಸಂಪಾದಕ ಮಿತ್ರರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬಾಗಲಕೋಟೆಯಲ್ಲಿ ಕುಳಿತು ವಿಕಿಪೀಡಿಯಕ್ಕೆ ಬರೆದ ನನ್ನ ಮೊದಲ ಎರಡು ಲೇಖನಗಳು ಅಳಿಸಿಹೋದವು. ಪುಸ್ತಕದ ಪದಗಳನ್ನು ಬದಲಿಸಿದ್ದೆ, ವಾಕ್ಯಗಳ ಎಲುಬು ಹಾಗೆಯೇ ಉಳಿದಿತ್ತು. ಮೂರನೆಯದರ ಚಿತ್ರವೂ ಹೋಯಿತು. ಶಾಸನಕ್ಕೆ ಹದಿನಾಲ್ಕು ಶತಮಾನ ವಯಸ್ಸಾದರೂ ಫೋಟೊದ ಹಕ್ಕು ಅದನ್ನು ತೆಗೆದವರದು.

ಹಾಗಾಗಿ ಅಮೀನಗಡದ ಮೇಲೆ ಹಾಯ್ದು ನಾಲ್ಕೈದು ಸಲ ಐಹೊಳೆಗೆ ಹೋದೆ. ಬಸ್ಸು, ಊಟ, ಮನೆಗೆ ಒಯ್ದ ಕರದಂಟು ಸೇರಿ ಸುಮಾರು ಎರಡು ಸಾವಿರ ಖರ್ಚು. ಶಾಸನವಿರುವ ಮೇಗುತಿ ಗುಡಿಯ ಪೂರ್ವ ಗೋಡೆಗೆ ಬೆಳಗಿನ ಬಿಸಿಲು ನೇರವಾಗಿ ಬಡಿದರೆ ಅಕ್ಷರಗಳು ಚಪ್ಪಟೆಯಾಗುತ್ತವೆ. ಹೊತ್ತು ಏರಿ ಬೆಳಕು ಗೋಡೆಯನ್ನು ಸವರುತ್ತ ಇಳಿಯುವಾಗ ಒಂದೊಂದು ಅಕ್ಷರವೂ ಎದ್ದು ನಿಲ್ಲುತ್ತದೆ. ಅಂಥ ಚಿತ್ರ ಬೇರೆಲ್ಲೂ ನಾನು ಕಂಡಿಲ್ಲ.

ಬರೆಯುವ ಕ್ರಮವನ್ನೂ ಬದಲಿಸಿದೆ. ಎರಡು ಆಕರ ಓದಿ, ಪುಸ್ತಕ ಮುಚ್ಚಿ, ಒಂದು ರಾತ್ರಿ ಕಳೆದ ಮೇಲೆ ನೆನಪಿನಿಂದ ಬರೆಯುವುದು. ಆಮೇಲೆ ಪ್ರತಿ ವಾಕ್ಯಕ್ಕೂ ಪುಟಸಂಖ್ಯೆ ಹುಡುಕುವುದು. ಒಂದು ಲೇಖನಕ್ಕೆ ತಿಂಗಳು ಹಿಡಿಯಿತು.

ಆದರೂ ತಪ್ಪಾಯಿತು. ಶಾಸನದ ಕಾಲವಾದ ಕ್ರಿ.ಶ. 634ನ್ನು ನಾನೇ 643 ಎಂದು ಟೈಪ್ ಮಾಡಿದ್ದೆ. ಎಂಟು ತಿಂಗಳ ನಂತರ ತಿದ್ದಿದರೆ ಒಬ್ಬರು ಮತ್ತೆ 643ಕ್ಕೆ ತಿರುಗಿಸಿದರು. ಆಧಾರವಾಗಿ ಕೊಟ್ಟದ್ದು ಒಂದು ದಿನಪತ್ರಿಕೆಯ ಪುರವಣಿ ಬರಹ. ತೆರೆದು ಓದಿದೆ, ಎದೆ ಧಸಕ್ಕೆಂದಿತು. ನನ್ನವೇ ವಾಕ್ಯಗಳು, ನನ್ನದೇ ತಪ್ಪಿನ ಸಮೇತ! ವಿಕಿಪೀಡಿಯದ ಪರವಾನಗಿಯಡಿ ಯಾರು ಬೇಕಾದರೂ ಬಳಸಬಹುದು, ಆದರೆ ಮೂಲವನ್ನು ಹೆಸರಿಸಲೇಬೇಕು. ಅಲ್ಲಿ ಒಂದಕ್ಷರವೂ ಇರಲಿಲ್ಲ.

ಶಾಸನದಲ್ಲಿ ಶಕವರ್ಷ ಪದಗಳಲ್ಲಿದೆ: ಐವತ್ತು, ಆರು, ಐನೂರು. ಒಟ್ಟು 556, ಅದಕ್ಕೆ 78 ಕೂಡಿಸಿದರೆ 634. ಗೋಡೆಯ ಮೇಲೆ ಕಣ್ಣಾರೆ ನೋಡಿದ್ದೇನೆ ಎಂದೆ. ಸ್ವಂತ ಓದು ಆಧಾರವಾಗದು ಎಂದರು. ನಿಯಮ ಅವರ ಪರವಾಗಿತ್ತು. ಶಾಸನಪಾಠಗಳ ಸರಣಿಯಾದ ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ವಿದ್ವಾಂಸ ಕೀಲ್‌ಹಾರ್ನ್ ಪ್ರಕಟಿಸಿದ ಪಾಠಕ್ಕಾಗಿ ಧಾರವಾಡಕ್ಕೆ ಹೋಗಿ ಬಂದೆ. ಪ್ರಯಾಣ, ಜೆರಾಕ್ಸ್ ಸೇರಿ ಆರುನೂರರ ಆಸುಪಾಸು. ಅದೇ ಸಂಪುಟ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿದೆ ಎಂದು ತಿಳಿದದ್ದು ಮರುವಾರ.

ಜಗಳ ಮುಗಿಸಿದ್ದು ಮಾತ್ರ ಪ್ರತಿ ತಿದ್ದುಪಡಿಯ ದಿನವೂ ದಾಖಲಾಗಿರುವ ಪುಟದ ಇತಿಹಾಸ. ನನ್ನ ತಪ್ಪು ಸೇರಿದ ದಿನವನ್ನೂ ಪತ್ರಿಕೆಯ ದಿನಾಂಕವನ್ನೂ ಅಕ್ಕಪಕ್ಕ ಇಟ್ಟೆ. ಪುರವಣಿ ಸುಮಾರು ಎರಡು ತಿಂಗಳು ತಡವಾಗಿ ಬಂದಿತ್ತು. ನಕಲನ್ನು ಗುರುತಿಸಲು ವಾಕ್ಯರಚನೆಯಲ್ಲಿ ನಾನು ಇಡುವ ಒಂದು ಗುರುತೂ ಅಲ್ಲಿ ಸಿಕ್ಕಿತು. ಅದೇನೆಂದು ಹೇಳಿದರೆ ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ.

ತಿರುಗಿಸಿದ್ದವರೇ ಮರುದಿನ 634 ಎಂದು ತಿದ್ದಿ ಪತ್ರಿಕೆಯ ಉಲ್ಲೇಖವನ್ನು ತೆಗೆದರು. ಪತ್ರಿಕೆಗೆ ಎರಡು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಮೂರನೆಯದನ್ನು ಈ ವಾರ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸುತ್ತೇನೆ.