ಸಮಾಂತರ ರೇಖೆಗಳ ನಡುವಿನ ದೂರ: ಸ್ಕೇಲ್ ಹಿಡಿದು ಅಳೆದ ಮೇಲೆ ಗೊತ್ತಾಗಿದ್ದು

ಎರಡು ಸಮಾಂತರ ರೇಖೆಗಳ ನಡುವಿನ ದೂರದ ಸೂತ್ರ ನನಗೆ ಬಾಯಿಪಾಠ ಆಗಿತ್ತು: ಸ್ಥಿರಾಂಕಗಳ (ಎಕ್ಸ್, ವೈ ಇಲ್ಲದ ಸಂಖ್ಯೆಗಳ) ವ್ಯತ್ಯಾಸವನ್ನು, ಸಹಗುಣಕಗಳ (ಎಕ್ಸ್, ವೈಗಳ ಮುಂದಿರುವ ಸಂಖ್ಯೆಗಳ) ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸಬೇಕು. ಆದರೂ ಉತ್ತರ ತಪ್ಪು ಬಂತು.

ಲೆಕ್ಕ ಇದು: 3ಎಕ್ಸ್ + 4ವೈ − 12 = 0 ಮತ್ತು 6ಎಕ್ಸ್ + 8ವೈ + 6 = 0. ಸ್ಥಿರಾಂಕಗಳ ವ್ಯತ್ಯಾಸ 18. 3 ಮತ್ತು 4ರ ವರ್ಗ ಕೂಡಿಸಿದರೆ 25, ಅದರ ವರ್ಗಮೂಲ 5. ಭಾಗಿಸಿ 3.6 ಎಂದು ಬರೆದೆ. ಸರಿ ಉತ್ತರ 3.

ಸೂತ್ರ ಬಿಟ್ಟು ಗ್ರಾಫ್ ಹಾಳೆ ತೆಗೆದುಕೊಂಡೆ. ಒಂದು ಮಾನಕ್ಕೆ 1 ಸೆಂ.ಮೀ. ಇಟ್ಟು ಎರಡೂ ರೇಖೆ ಎಳೆದೆ. ಮೊದಲನೆಯದು ವೈ ಅಕ್ಷವನ್ನು 3ರಲ್ಲಿ ಕತ್ತರಿಸಿತು, ಎರಡನೆಯದು −0.75ರಲ್ಲಿ. ನಡುವೆ 3.75. ಆದರೆ ಇದು ನೆಟ್ಟಗೆ ಕೆಳಗಿಳಿದ ಅಂತರ, ಅಷ್ಟೇ. ರೇಖೆ ವಾಲಿದೆ ಅಲ್ವಾ? ಹತ್ತಿರದ ದಾರಿ ಲಂಬವಾಗಿ ಹೋಗಬೇಕು. ಮೂಲೆಮಟ್ಟ ಇಟ್ಟು (4, 0)ರಿಂದ ಲಂಬ ಎಳೆದೆ. ಅದು ಇನ್ನೊಂದು ರೇಖೆಯನ್ನು (2.2, −2.4)ರಲ್ಲಿ ಮುಟ್ಟಿತು. ಸ್ಕೇಲ್ ಇಟ್ಟರೆ ಸರಿಯಾಗಿ 3 ಸೆಂ.ಮೀ. ಆ ಕ್ಷಣದ ಖುಷಿ ಇನ್ನೂ ನೆನಪಿದೆ.

ತಪ್ಪು ಎಲ್ಲಿತ್ತು ಅಂದರೆ, ಎರಡನೇ ಸಮೀಕರಣವನ್ನು 2ರಿಂದ ಭಾಗಿಸಿರಲಿಲ್ಲ. ಭಾಗಿಸಿದರೆ 3ಎಕ್ಸ್ + 4ವೈ + 3 = 0. ಈಗ −12 ಮತ್ತು 3ರ ನಡುವಿನ ವ್ಯತ್ಯಾಸ 15. ಅದನ್ನು 5ರಿಂದ ಭಾಗಿಸಿದರೆ 3. ಎಕ್ಸ್, ವೈಗಳ ಸಹಗುಣಕ ಎರಡರಲ್ಲೂ ಒಂದೇ ಆಗುವವರೆಗೆ ಸ್ಥಿರಾಂಕಗಳನ್ನು ಹೋಲಿಸುವ ಹಾಗೇ ಇಲ್ಲ. ಈಗಲೂ ನಾನು ಮೊದಲು ನೋಡುವುದು ಇದನ್ನೇ. ಸ್ಥಿರಾಂಕಗಳ ಪ್ಲಸ್, ಮೈನಸ್ ಚಿಹ್ನೆ ಆಮೇಲೆ.

ಸೂತ್ರ ಮರೆತರೂ ಭಯವಿಲ್ಲ. ಒಂದು ರೇಖೆಯ ಮೇಲೆ ಸುಲಭದ ಬಿಂದು ಹಿಡಿಯಿರಿ, ಇಲ್ಲಿ (4, 0). ಅದನ್ನು 3ಎಕ್ಸ್ + 4ವೈ + 3ರಲ್ಲಿ ಹಾಕಿದರೆ 15. 5ರಿಂದ ಭಾಗಿಸಿದರೆ ಮುಗಿಯಿತು. ನನಗೆ ಈ ದಾರಿಯೇ ಜಾಸ್ತಿ ಇಷ್ಟ, ಏಕೆಂದರೆ ಏನು ಅಳೆಯುತ್ತಿದ್ದೇವೆ ಅನ್ನೋದು ಕಣ್ಣಿಗೆ ಕಾಣುತ್ತದೆ.

ವೈ = 2ಎಕ್ಸ್ + 1 ಮತ್ತು ವೈ = 2ಎಕ್ಸ್ + 6 ಕೂಡ ಹಾಗೇ ಎಳೆದು ನೋಡಿ. ಮೇಲಿನ ರೇಖೆಯ (0, 6)ರಿಂದ ಎರಡು ಮನೆ ಬಲಕ್ಕೆ, ಒಂದು ಮನೆ ಕೆಳಕ್ಕೆ ಬಂದರೆ (2, 5). ಕೆಳಗಿನ ರೇಖೆ ಸಿಕ್ಕಿಬಿಡುತ್ತದೆ. ನೆಟ್ಟಗಿನ ಅಂತರ 5 ಇದ್ದರೂ ನಿಜವಾದ ದೂರ √5, ಸುಮಾರು 2.24.