ಪೂರ್ತಿ ಮಲಗಿಸದೆ ಟಾವಿ: ನನ್ನ ಅನುಭವ

"ಕವಾಟ ಬಿಡೋ ಹೊತ್ತಿಗೆ ಪೇಷೆಂಟ್ ಕೆಮ್ಮಿದ್ರೆ ಏನ್ ಮಾಡ್ತೀರಿ ಸರ್?" ಟಾವಿ ಅಂದರೆ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ನಳಿಗೆ ತೂರಿಸಿ ಹೃದಯದ ಅಯೋರ್ಟಿಕ್ ಕವಾಟವನ್ನು ಹೊಸದಾಗಿ ಕೂರಿಸುವುದು. ಅದನ್ನು ರೋಗಿಯನ್ನು ಪೂರ್ತಿ ಮಲಗಿಸದೆ ಮಾಡೋಣ ಎಂದಾಗ ನಮ್ಮ ಅರಿವಳಿಕೆ ತಜ್ಞರು ಹೀಗೆ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ. 2002ರಲ್ಲಿ ಫ್ರಾನ್ಸಿನ ವೈದ್ಯ ಕ್ರಿಬಿಯೆ ಹೀಗೆ ಮೊದಲ ಕವಾಟ ಹಾಕಿದ್ದೂ ಸ್ಥಳೀಯ ಅರಿವಳಿಕೆಯಲ್ಲೇ ಎಂದು ವಾದಿಸಿದೆ. ಯಾರೂ ಒಪ್ಪಲಿಲ್ಲ. ಈಗ ಎಂಬತ್ತು ದಾಟಿದವರೂ ಬಹುತೇಕ ಮಾರನೇ ದಿನ ನಡೆದುಕೊಂಡು ಮನೆಗೆ ಹೋಗುತ್ತಾರೆ.

ನಾನು ಈ ದಾರಿ ಹಿಡಿದದ್ದು ದುಡ್ಡಿನ ಕಾರಣಕ್ಕೆ. ಬಿಲ್ಲಿನಲ್ಲಿ ಬಹುಪಾಲು ಕವಾಟದ್ದೇ, ಅದನ್ನು ಇಳಿಸುವುದು ನಮ್ಮ ಕೈಲಿಲ್ಲ. ಕೈಲಿರುವುದು ಪೂರ್ಣ ಅರಿವಳಿಕೆ, ಟಿಇಇ (ಅನ್ನನಾಳಕ್ಕೆ ಇಳಿಸಿ ಮಾಡುವ ಹೃದಯದ ಸ್ಕ್ಯಾನ್), ಐಸಿಯು ದಿನಗಳು, ಪೇಸಿಂಗ್ ವೈರ್ (ಕವಾಟ ಬಿಡುವಾಗ ಅಲುಗದಂತೆ ಹೃದಯವನ್ನು ವೇಗವಾಗಿ ಓಡಿಸುವ ತಂತಿ). ಒಂದೊಂದಾಗಿ ಕಳಚಿದೆ. ಕವಾಟ ಸಾಗಿಸಲು ವೆಂಟ್ರಿಕಲ್ (ಹೃದಯದ ಕೆಳಕೋಣೆ) ಒಳಗೆ ಹೇಗೂ ಇರುವ ಗಟ್ಟಿ ವೈರಿಗೇ ಪೇಸಿಂಗ್ ಯಂತ್ರದ ಒಂದು ಕ್ಲಿಪ್ ಹಾಕಿ, ಇನ್ನೊಂದನ್ನು ತೊಡೆಸಂದಿಯ ಚರ್ಮಕ್ಕೆ ಚುಚ್ಚಿದ ಸೂಜಿಗೆ ಕೊಟ್ಟು ನಿಮಿಷಕ್ಕೆ 180 ಬಡಿತದ ಆಸುಪಾಸು ಓಡಿಸಿದರೆ ಸಾಕು.

ಸಾಕು ಅಂದುಕೊಂಡದ್ದೇ ಎಡವಟ್ಟಾಯಿತು. ಹನ್ನೊಂದನೆಯದೋ ಹನ್ನೆರಡನೆಯದೋ ಕೇಸು. ಇಸಿಜಿಯಲ್ಲಿ ಆರ್‌ಬಿಬಿಬಿ (ಹೃದಯದ ಬಲಬದಿಯ ವಿದ್ಯುತ್ ದಾರಿಯಲ್ಲಿ ತಡೆ) ಇತ್ತು, ಕಂಡೂ ಕಾಣದವನಂತೆ ಮುಂದುವರಿದೆ. ಕವಾಟ ಚೆನ್ನಾಗಿ ಕೂತಿತು, ವೈರ್ ಎಳೆದುಬಿಟ್ಟೆ. ತೊಡೆಯ ತೂತಿನ ಗಂಟು ಬಿಗಿಯುವಷ್ಟರಲ್ಲಿ ಕಂಪ್ಲೀಟ್ ಬ್ಲಾಕ್, ಅಂದರೆ ಮೇಲಿನ ಕೋಣೆಯ ವಿದ್ಯುತ್ ಕೆಳಕೋಣೆಗೆ ಇಳಿಯುವುದೇ ನಿಂತಿತು. ಒಬ್ಬರು ಎದೆ ಒತ್ತುತ್ತಿದ್ದರು, ನಾನು ಕತ್ತಿನ ರಕ್ತನಾಳ ಹುಡುಕುತ್ತಿದ್ದೆ. ಬದುಕಿಕೊಂಡರು. ಆದರೆ ಶಾಶ್ವತ ಪೇಸ್‌ಮೇಕರ್ ಬೇಕಾಯಿತು, ಒಂದು ವೈರಿನಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಬಿಲ್ಲಿಗೆ ಸೇರಿತು. ಅಂದಿನಿಂದ ಆರ್‌ಬಿಬಿಬಿ ಕಂಡರೆ ಕತ್ತಿನಿಂದ ಪೇಸಿಂಗ್ ವೈರ್ ಹಾಕಿಯೇ ಶುರು, ಮಾರನೇ ದಿನದ ಇಸಿಜಿ ನೋಡುವ ತನಕ ತೆಗೆಯುವುದಿಲ್ಲ.

ನಡುವೆ ಇನ್ನೊಂದು ಚಟ ಹತ್ತಿತ್ತು: ಎರಡನೇ ತೊಡೆಯನ್ನೂ ಬಿಟ್ಟು, ಪಿಗ್‌ಟೇಲನ್ನು (ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಡುವ ನಳಿಗೆ) ಮಣಿಕಟ್ಟಿನಿಂದ ಹಾಕುವುದು. ರಕ್ತಸ್ರಾವ ಕಡಿಮೆಯಾದದ್ದು ನಿಜ. ಒಬ್ಬ ಎತ್ತರದ ಆಸಾಮಿಗೆ ಇಲಿಯಾಕ್ (ಸೊಂಟದೊಳಗಿನ ದೊಡ್ಡ ರಕ್ತನಾಳ) ಹರಿದಾಗ ಮಾತ್ರ ರಕ್ತ ತಡೆಯಲು ಮಣಿಕಟ್ಟಿನಿಂದ ಕಳಿಸಿದ ಬಲೂನು ಅಲ್ಲಿಯವರೆಗೆ ಮುಟ್ಟಲೇ ಇಲ್ಲ. ಈಗ ಮೊದಲೇ ಅಳತೆ ಹಾಕುತ್ತೇನೆ.

ಆಪರೇಷನ್‌ಗೆ ಕಡಿಮೆ ರಿಸ್ಕಿನವರ ಮೇಲೆ ನಡೆದು 2019ರಲ್ಲಿ ಹೊರಬಂದ ಟ್ರಯಲ್‌ಗಳ ನಂತರ ಅಂಥವರೂ ಟಾವಿಯನ್ನೇ ಕೇಳಿಕೊಂಡು ಬರುತ್ತಾರೆ. ಗ್ರೇಡಿಯೆಂಟ್ (ಕಿರಿದಾದ ಕವಾಟದ ಆಚೀಚಿನ ಒತ್ತಡದ ವ್ಯತ್ಯಾಸ) 40 ದಾಟಿದ ಮಾತ್ರಕ್ಕೆ ನಾನು ಟೇಬಲ್ ಹತ್ತಿಸುವುದಿಲ್ಲ. ಅರವತ್ತರ ಆಸುಪಾಸಿನ, ಎರಡೇ ಎಸಳಿನ ಕವಾಟದವರನ್ನು ಸರ್ಜನ್ ಬಳಿಗೇ ಕಳಿಸುತ್ತೇನೆ, ಬೈದುಕೊಂಡು ಹೋಗುತ್ತಾರೆ. ಎಂಬತ್ತರ ಬಡಕಲು ದೇಹ, ಹಿಂದೆ ಬೈಪಾಸ್ ಆದವರು, ಸುಣ್ಣಗಟ್ಟಿದ ಅಯೋರ್ಟಾ (ಮಹಾಪಧಮನಿ) ಇರುವವರು: ಇವರೇ ನನ್ನ ಜನ.

ಇನ್ನು ಕೆಮ್ಮು. ಕವಾಟ ಬಿಡುವ ಆ ಅರೆಗಳಿಗೆ ರೋಗಿಯನ್ನು ಹೇಗೆ ಮಾತಿಗೆಳೆಯುತ್ತೇನೆ ಎಂಬುದನ್ನು ಬರೆಯುವುದಿಲ್ಲ, ಟೇಬಲ್ ಪಕ್ಕ ನಿಂತು ನೋಡಬೇಕು. ಎಪ್ಪತ್ತರ ಹತ್ತಿರ ಕೇಸಾಗಿರಬಹುದು, ಕೆಮ್ಮಿದವರು ಇಬ್ಬರು. ಒಬ್ಬರದು ತುಸು ಮೇಲೆ ಕೂತು ಸಣ್ಣ ಲೀಕ್ ಉಳಿಯಿತು. ಇನ್ನೊಬ್ಬ ಅಜ್ಜಿ ಕವಾಟ ಪೂರ್ತಿ ಬಿಚ್ಚಿಕೊಂಡ ಮೇಲೆ ಕೆಮ್ಮಿ, "ತಡ್ಕೊಂಡಿದ್ದೆ ಕಣಪ್ಪ" ಅಂದರು.